ಕೋವೆಂಟ್ರಿಯಲ್ಲಿ ಒಂದು ಚಳಿಗಾಲ

೧೫ ಸೆಪ್ಟೆಂಬರ್, ಭಾನುವಾರ

'ಗಂಟೆಗೆ ಒಂದೇ ನಾಲಿಗೆ, ಅದಕ್ಕೇ ಅದು...' ಅದಕ್ಕೇ ಅದು ಏನು? ಅಜ್ಜಿಯ ಮನೆಯ ಗೋಡೆಯಲ್ಲಿ ಕಸೂತಿ ಹಾಕಿ ಗಾಜಿನೊಳಗೆ ಇಟ್ಟಿದ್ದ ಸಾಲು. ಉಳಿದರ್ಧ ಬೆಳಗಿನಿಂದ ನೆನಪಿಗೆ ಬರುತ್ತಿಲ್ಲ. 'ಸುಳ್ಳು ಹೇಳದು' ಎಂದಿತ್ತೋ, 'ಹೇಳಿದ್ದನ್ನೇ ಹೇಳುವುದು' ಎಂದಿತ್ತೋ. ಎರಡೂ ಒಂದೇ ಅಲ್ಲ. ಹೇಳಿದ್ದನ್ನೇ ಹೇಳುವವರಲ್ಲಿ ಸುಳ್ಳರೂ ಇರುತ್ತಾರೆ.

ಇವತ್ತು ಚರ್ಚಿನ ಗಂಟೆ ಬಾರಿಸಲಿಲ್ಲ. ಈ ಊರಿಗೆ ಬಂದಂದಿನಿಂದ ಭಾನುವಾರ ಬೆಳಿಗ್ಗೆ ಮೂರನೆಯ ಗಂಟೆಯ ಹಗ್ಗ ಹಿಡಿದು ಅಭ್ಯಾಸವಾದ ಕೈಗೆ ಏನು ಮಾಡಬೇಕೆಂದು ತೋಚದೆ ಎರಡು ಸಲ ಪಾತ್ರೆ ತೊಳೆದೆ.

ಆದದ್ದು ಇಷ್ಟು. ಶುಕ್ರವಾರ ಸಂಜೆ ಅಭ್ಯಾಸ ಮುಗಿದ ಮೇಲೆ ಗಂಟೆಗಳನ್ನು ಕೆಳಗಿಳಿಸಲಿಲ್ಲ, ಎಂದರೆ ಬಾಯಿ ಕೆಳಗಾಗಿ ತೂಗಲು ಬಿಡಲಿಲ್ಲ. ಮಾರನೆಯ ದಿನ ಮದುವೆಯಿತ್ತು. ಆರು ಗಂಟೆಗಳನ್ನು ತೂಗಿ ತೂಗಿ ಬಾಯಿ ಆಕಾಶಕ್ಕೆ ಮಾಡಿ ನಿಲ್ಲಿಸುವಷ್ಟರಲ್ಲಿ ಬೆವರು ಕಿತ್ತುಬರುತ್ತದೆ. ಹಾಗೆಯೇ ಬಿಟ್ಟುಹೋಗುವುದಾದರೆ ಹಗ್ಗಗಳನ್ನು ಕೈಗೆಟುಕದಂತೆ ಸುತ್ತಿಡಬೇಕು, 'ಗಂಟೆ ಮೇಲಿದೆ, ಮುಟ್ಟಬೇಡಿ' ಎಂಬ ಹಲಗೆಯನ್ನು ಮುಂದೆ ತೂಗಬೇಕು. ಬಾಯಿ ಮೇಲಾಗಿ ನಿಂತ ಗಂಟೆ ಬೆರಳ ತುದಿಯಲ್ಲಿ ನಿಲ್ಲಿಸಿದ ಕೋಲಿದ್ದ ಹಾಗೆ. ತುಸು ಎಳೆದರೆ ಸಾಕು, ಉರುಳುತ್ತದೆ, ಹಗ್ಗ ಹಿಡಿದವರನ್ನೂ ಮೇಲಕ್ಕೆ ಎತ್ತಿಕೊಂಡು ಹೋಗುತ್ತದೆ.

"ನೀವು ನಡೀರಿ, ಎಲ್ಲಾ ನಾನು ನೋಡ್ಕೋತೀನಿ" ಎಂದರು ಆಲ್ವಿನ್ ಪ್ರಿವೆಟ್. ಅವರೂ ಸೇರಿ ಬಾರಿಸುವವರು ನಾವು ಏಳು ಮಂದಿ, ಅವರೇ ಯಜಮಾನರು, ನಾನಿನ್ನೂ ಬೇರೆ ಊರಿನಲ್ಲಿ ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ. ನೋಡಿಕೊಳ್ಳಲಿಲ್ಲ. ಮರೆತರು.

ಶನಿವಾರ ಬೆಳಿಗ್ಗೆ ಮದುವೆಯ ಹೂವು ಜೋಡಿಸಲು ಟ್ಯಾಮ್ಸಿನ್ ಆರ್ಚರ್ಡ್ ಬಂದಳು. ವಸಂತದಲ್ಲಷ್ಟೇ ನಮ್ಮೂರಿಗೆ ಬಂದವಳು. ಮನೆಯ ಮುಂಗೋಣೆಯಲ್ಲೇ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ನಾಲ್ಕು ಜನರ ಪರಿಚಯವಾಗಲಿ ಎಂದು ಹೂವಿನ ಕೆಲಸಕ್ಕೆ ಹೆಸರು ಕೊಟ್ಟಿದ್ದಳು. ಗೋಪುರದಡಿಯ ಗಂಟೆಯ ಕೋಣೆಯಲ್ಲಿ ಹೂದಾನಿ ಇಡಲು ಅಡ್ಡವಾದ ಹಗ್ಗವನ್ನು ಪಕ್ಕಕ್ಕೆ ಎಳೆದಿದ್ದಾಳೆ. ಬಲಭುಜ ಪುಡಿಯಾಗಿದೆ.

ಇವತ್ತು ಮಧ್ಯಾಹ್ನ ಬಾರಿಸುವವರೆಲ್ಲರೂ ಪಕ್ಕದ ಮನೆಯಲ್ಲಿ ಸೇರಿದೆವು. ಅಂದರೆ ಆಲ್ವಿನ್ ಮನೆಯಲ್ಲಿ. ಅವರದೂ ನನ್ನದೂ ಜೋಡಿಮನೆ, ನಡುವೆ ಒಂದೇ ಗೋಡೆ. ಅವರ ಹೆಂಡತಿ ಎನಿಡ್ ನನಗಿಂತ ಇಪ್ಪತ್ತು ವರ್ಷ ದೊಡ್ಡವಳಾದರೂ ನನಗೆ ಇರುವ ಗೆಳತಿ ಅವಳೊಬ್ಬಳೇ. ಹಗ್ಗ ಹಿಡಿಯುವುದನ್ನು ನನಗೆ ಕಲಿಸಿದವಳೂ ಅವಳೇ.

"ಗಂಟೆ ಕೆಳಗೇ ಇತ್ತು" ಎಂದ ಅಂಗಡಿಯ ಕ್ಲೈವ್.

"ಕೆಳಗಿರೋ ಗಂಟೆ ಮನುಷ್ಯರನ್ನ ಎತ್ತಿ ಬಿಸಾಕಲ್ಲ, ಕ್ಲೈವ್" ಎಂದೆ.

"ಎತ್ತಿತು ಅಂತ ಹೇಳೋಳು ಅವಳೊಬ್ಬಳೇ ತಾನೆ? ಜೋಕಾಲಿ ಆಡೋಕೆ ಹೋದ್ಳು, ಬಿದ್ಳು."

"ಅಷ್ಟು ದೊಡ್ಡ ಹೆಂಗಸು, ಕೈಯಲ್ಲಿ ಹೂದಾನಿ ಹಿಡ್ಕೊಂಡು, ಜೋಕಾಲಿ ಆಡ್ತಾಳಾ?"

"ಪಟ್ಟಣದೋರು ಏನ್ ಬೇಕಾದ್ರೂ ಆಡ್ತಾರೆ."

ಎರಡು ಮೂರು ಜನ ನಕ್ಕರು. ಆಲ್ವಿನ್ ಕಪ್ಪಿನ ತಳ ನೋಡುತ್ತಿದ್ದರು. ಎನಿಡ್ ನನ್ನ ಹತ್ತಿರ ಬಂದು, "ಇನ್ನೊಂದು ಕಪ್ ಹಾಕ್ಲೇನೇ ಫ್ರ್ಯಾನ್?" ಎಂದಳು. ಬೇಡವೆನ್ನುವ ಮೊದಲೇ ಹಾಕಿದಳು, ಅಂಚಿನವರೆಗೆ.


೧೯ ಸೆಪ್ಟೆಂಬರ್, ಗುರುವಾರ

ಬಿಷಪ್ಪರ ಕಚೇರಿಯಿಂದ ಒಬ್ಬರು ಬಂದು ನಮ್ಮನ್ನು ಒಬ್ಬೊಬ್ಬರಾಗಿ ಒಳಕೋಣೆಗೆ ಕರೆದು ಕೇಳಿದರು. ಗಂಟೆ ಮೇಲಿತ್ತು ಎಂದೆ. ಹಲಗೆ ಹಾಕಿರಲಿಲ್ಲ ಎಂದೆ. ಆಲ್ವಿನ್ ಎಷ್ಟು ಒಳ್ಳೆಯವರೆಂದೂ ಹೇಳಲು ಹೊರಟೆ. ಅವರು ಅದನ್ನು ಬರೆದುಕೊಳ್ಳಲಿಲ್ಲ.

ಹೊರಗೆ ಬಂದಾಗ ಬೆಂಚಿನಲ್ಲಿ ಕೂತಿದ್ದ ಎನಿಡ್ ಮುಖ ನೋಡಿದಳು. ನಾನು ಏನು ಹೇಳಿ ಬಂದೆನೆಂದು ಕೇಳಬೇಕಾಗಿರಲಿಲ್ಲ.

ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋದೆ. ಟ್ಯಾಮ್ಸಿನ್ ಕೈಯನ್ನು ಎದೆಗೆ ಕಟ್ಟಿದ್ದಾರೆ.

"ಕತ್ತರಿ ಹಿಡಿಯೋಕಾಗತ್ತಾ ಅಂತ ಡಾಕ್ಟರನ್ನ ಕೇಳ್ದೆ. ಮೊದಲು ಚಮಚ ಹಿಡಿಯಮ್ಮ ಅಂದ್ರು" ಎಂದು ನಕ್ಕಳು. ಆಮೇಲೆ, "ಎಲ್ರೂ ನಾನೇ ಪೆದ್ದಿ ಅಂತಿದಾರಂತೆ. ಇರಬಹುದೇನೋ ಅಂತ ನನಗೂ ಅನ್ಸೋಕೆ ಶುರುವಾಗಿದೆ."

"ನೀನು ಪೆದ್ದಿಯಲ್ಲ. ಹಲಗೆ ಹಾಕಿರಲಿಲ್ಲ. ಅದನ್ನ ನಾನು ಇವತ್ತು ಹೇಳಿ ಬಂದಿದೀನಿ."

ಅವಳು ಎಡಗೈಯಲ್ಲಿ ನನ್ನ ಕೈ ಹಿಡಿದುಕೊಂಡಳು. ಹಿಡಿತ ಬಿಗಿಯಾಗಿತ್ತು. ಇದನ್ನು ಮರೆಯಬಾರದು ಎಂದು ಬರೆದಿಡುತ್ತಿದ್ದೇನೆ. ಇನ್ನು ಏನೇ ಆಗಲಿ, ಈ ಹುಡುಗಿಯ ಕೈ ಬಿಡುವುದಿಲ್ಲ.


೨೨ ಸೆಪ್ಟೆಂಬರ್, ಭಾನುವಾರ

ಚರ್ಚಿನಲ್ಲಿ ನನ್ನ ಸಾಲಿನಲ್ಲಿ ಯಾರೂ ಕೂರಲಿಲ್ಲ. ಮುಗಿದ ಮೇಲೆ ಹೊರಗೆ ಚಹಾದ ಮೇಜಿನ ಬಳಿ ಹೋದೆ. ಗುಂಪು ಚದುರಿತು ಎಂದರೆ ಸುಳ್ಳಾದೀತು. ಸರಿದು ಜಾಗ ಬಿಟ್ಟರು. ಸಕ್ಕರೆ ಬಟ್ಟಲನ್ನು ನನ್ನ ಕಡೆ ತಳ್ಳಿದರು. ಯಾರೂ ಮಾತಾಡಲಿಲ್ಲ, ಅಷ್ಟೆ.

"ಎನಿಡ್, ನಿನ್ನ ಗುಲಾಬಿ ಸವರೋ ಕತ್ತರಿ ನನ್ನ ಹತ್ತಿರಾನೇ ಉಳಿದಿದೆ" ಎಂದೆ.

ಅವಳು ನನ್ನ ಭುಜದಾಚೆ ನೋಡುತ್ತ ಪಾದ್ರಿಗೆ, "ಈ ವರ್ಷ ಸೇಬು ಬೇಗ ಉದುರ್ತಿದೆ" ಎಂದಳು.


೨೫ ಸೆಪ್ಟೆಂಬರ್, ಬುಧವಾರ

ಕೋವೆಂಟ್ರಿಗೆ ಕಳಿಸಿದ್ದಾರೆ ನನ್ನನ್ನು.

ಕೋವೆಂಟ್ರಿ ಇಲ್ಲಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಊರು. ನಾನು ಕೆಲಸ ಮಾಡುವ ಕಾಲೇಜು ಗ್ರಂಥಾಲಯದ ಪರವಾಗಿ ಎಷ್ಟೋ ಸಲ ಹೋಗಿದ್ದೇನೆ. ಜನ ಮಾತಿನ ಮಲ್ಲರು, ದಾರಿ ಕೇಳಿದರೆ ಬೀಗರ ಕಥೆಯನ್ನೂ ಸೇರಿಸಿ ಹೇಳುತ್ತಾರೆ. ಹಾಗಿದ್ದೂ ಒಬ್ಬರೊಡನೆ ಊರೆಲ್ಲ ಮಾತು ಬಿಟ್ಟರೆ 'ಅವರನ್ನು ಕೋವೆಂಟ್ರಿಗೆ ಕಳಿಸಿದೆವು' ಎಂದು ನಮ್ಮವರು ಯಾಕೆ ಹೇಳುತ್ತಾರೋ. ಹಿಂದೆ ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಸೆರೆಸಿಕ್ಕ ಸೈನಿಕರನ್ನು ಅಲ್ಲಿಗೆ ಒಯ್ದಿದ್ದರಂತೆ, ಊರವರು ಅವರತ್ತ ತಿರುಗಿಯೂ ನೋಡಲಿಲ್ಲವಂತೆ. ಹಾಗೆಂದು ಒಂದು ಮಾತು. ಖಚಿತವಾಗಿ ಯಾರಿಗೂ ಗೊತ್ತಿಲ್ಲ.

ಹೇಗೆ ಮಾಡುವುದೆಂದು ಮಾತ್ರ ಎಲ್ಲರಿಗೂ ಗೊತ್ತು. ಶಾಲೆಯಲ್ಲಿ ಮಾಡಿದ್ದೆವು. ಅಪ್ಪನ ಕಾರ್ಖಾನೆಯಲ್ಲಿ ಮುಷ್ಕರದ ದಿನ ಕೆಲಸಕ್ಕೆ ಹೋದವನೊಬ್ಬನಿಗೆ ಮಾಡಿದ್ದರು. ಅವನು ಊಟದ ಬಿಡುವಿನಲ್ಲಿ ಯಂತ್ರದ ಜೊತೆ ಮಾತಾಡುತ್ತಿದ್ದನೆಂದು ಅಪ್ಪ ನಗುತ್ತ ಹೇಳುತ್ತಿದ್ದ, ನಾವೂ ನಗುತ್ತಿದ್ದೆವು. ಬೈಗುಳವಿಲ್ಲ, ಕಲ್ಲೆಸೆತವಿಲ್ಲ, ಬಾಗಿಲನ್ನು ಮುಖಕ್ಕೆ ಬಡಿಯುವುದೂ ಇಲ್ಲ. ಕಳಿಸಿದೆ ಎಂದು ಯಾರೂ ಒಪ್ಪುವುದಿಲ್ಲ. ನೀವು ಇದ್ದಲ್ಲೇ ಇರುತ್ತೀರಿ, ಊರೇ ನಿಮ್ಮಿಂದ ಹೊರಟುಹೋಗಿರುತ್ತದೆ.

ಎಲ್ಲಕ್ಕೂ ಒಂದು ಅವಧಿಯಿದೆ. ಎನಿಡ್‌ಗೆ ಸಿಟ್ಟು ಇಳಿಯಲಿ. ಅವಳೊಬ್ಬಳು ಮಾತಾಡಿದರೆ ಉಳಿದವರೂ ಆಡುತ್ತಾರೆ.


೬ ಅಕ್ಟೋಬರ್, ಭಾನುವಾರ

ಬಿಷಪ್ಪರ ಕಚೇರಿಯಿಂದ ತೀರ್ಮಾನ ಬಂದಿದೆ. ಆಲ್ವಿನ್ ಇನ್ನು ಮೇಲೆ ಹಗ್ಗ ಮುಟ್ಟುವಂತಿಲ್ಲ. ಕ್ಲೈವ್ ಯಜಮಾನನಾಗಿದ್ದಾನೆ. ನನ್ನನ್ನು ಬರಬೇಡ ಎಂದು ಯಾರೂ ಹೇಳಿಲ್ಲ. ಹೇಳಬೇಕಾದರೆ ಮಾತಾಡಬೇಕಲ್ಲ. ಹೋದೆ. ಗಂಟೆಯ ಕೋಣೆಗೆ ಒಳಗಿನಿಂದ ಅಗುಳಿ ಹಾಕಿತ್ತು.

ಮನೆಗೆ ಬಂದು ತೋಟದಲ್ಲಿ ನಿಂತು ಕೇಳಿದೆ. ಏಳರಲ್ಲಿ ಇಬ್ಬರು ಹೋಗಿ ಐವರಾಗಿದ್ದಾರೆ. ಐದು ಮಂದಿಯಾದರೆ ಮೊದಲನೆಯದನ್ನೋ ಕೊನೆಯದನ್ನೋ ಬಿಟ್ಟು ಉಳಿದ ಐದನ್ನು ಬಾರಿಸುವುದು ವಾಡಿಕೆ. ಅವರು ನನ್ನ ಮೂರನೆಯದನ್ನು ಬಿಟ್ಟಿದ್ದಾರೆ, ಅದರ ಹೊತ್ತನ್ನೂ ಖಾಲಿ ಬಿಟ್ಟಿದ್ದಾರೆ. ಒಂದು, ಎರಡು, ಏನೂ ಇಲ್ಲ, ನಾಲ್ಕು, ಐದು, ಆರು. ಮುಂದಿನ ಹಲ್ಲು ಉದುರಿದ ಬಾಯಿ ಊರಿಗೆಲ್ಲ ಕೇಳುವಂತೆ ನಕ್ಕ ಹಾಗೆ.


೧೧ ಅಕ್ಟೋಬರ್, ಶುಕ್ರವಾರ

ಸಂಜೆ ಟ್ಯಾಮ್ಸಿನ್ ಬಂದಳು. ಕಂಕುಳಲ್ಲಿ ಒಂದು ಡಬ್ಬಿ.

"ನಿಂಬೆ ಕೇಕು. ಎಡಗೈದು. ನೋಡಿ ನಗಬೇಡಿ."

ಒಂದು ಕಡೆ ಕುಸಿದಿತ್ತು. ನಕ್ಕೆ. ಅವಳೂ ನಕ್ಕಳು.

"ನಿಮ್ಮೂರಲ್ಲಿ ನನಗೆ ಯಾರೂ ಕೈ ಬೀಸಲ್ಲ, ನನ್ನ ಕೈ ಮುರಿದಿದೆ ಅಂತಾನಾ?" ಎಂದಳು. "ಗಿರಾಕಿಗಳೂ ಇಲ್ಲ. ಇದ್ದಿದ್ದರೂ ಏನ್ ಮಾಡ್ಲಿ, ಹಲ್ಲಲ್ಲಿ ಕಚ್ಕೊಂಡು ಕತ್ತರಿಸ್ಲಾ?"

"ಸ್ವಲ್ಪ ದಿನ ಹೋಗ್ಲಿ."

"ನಿಮ್ಮ ಜೊತೆ ಮಾತಾಡ್ತಾರೆ ತಾನೆ?"

"ಆಡ್ತಾರೆ" ಎಂದೆ.

ಅವಳ ನಗು ಸ್ವಲ್ಪ ಗಟ್ಟಿ. ಗೋಡೆಯಾಚೆ ಕೇಳಿಸುತ್ತದೆ. ಮುಂದಿನ ಸಲ ಹಿಂದಿನ ಕೋಣೆಯಲ್ಲಿ ಕೂರೋಣ.


೧೦ ನವೆಂಬರ್, ಭಾನುವಾರ

ಯುದ್ಧದಲ್ಲಿ ಸತ್ತವರ ನೆನಪಿನ ದಿನ. ಸಾವಿಗೆ ಬಾರಿಸುವಾಗ ಗಂಟೆಯ ನಾಲಿಗೆಯ ಒಂದು ಬದಿಗೆ ಚರ್ಮದ ಪಟ್ಟಿ ಕಟ್ಟುತ್ತೇವೆ. ಒಂದು ಪೆಟ್ಟು ಗಟ್ಟಿಯಾಗಿ ಬೀಳುತ್ತದೆ, ಮರುಪೆಟ್ಟು ಅದೇ ಸದ್ದು ಗುಡ್ಡದಾಚೆಯಿಂದ ಬಂದಂತೆ ಮಂಕಾಗಿ. ಅಜ್ಜಿಯ ಕಸೂತಿ ತಪ್ಪು. ಒಂದೇ ನಾಲಿಗೆಯಲ್ಲಿ ಎರಡು ಮಾತು ಆಡಿಸಬಹುದು. ಚರ್ಮ ಎಲ್ಲಿ ಕಟ್ಟಬೇಕೆಂದು ತಿಳಿದಿದ್ದರೆ ಸಾಕು.

ಗಂಟೆ ನಿಂತ ಮೇಲೆ ಹುತಾತ್ಮರ ಕಲ್ಲಿನ ಸುತ್ತ ನಿಂತೆವು. ನೂಕುನುಗ್ಗಲಿನಲ್ಲಿ ಎನಿಡ್ ನನ್ನ ಪಕ್ಕಕ್ಕೆ ಬಂದಳು. ಅವಳ ಕೋಟಿನ ತೋಳು ನನ್ನದಕ್ಕೆ ತಾಕುತ್ತಿತ್ತು. ಅವಳು ತೋಳನ್ನು ಹಿಂತೆಗೆಯಲಿಲ್ಲ. ಇದನ್ನು ನಾನು ಕಲ್ಪಿಸಿಕೊಂಡಿಲ್ಲ.

ಎದುರುಗಡೆಯಿಂದ ಟ್ಯಾಮ್ಸಿನ್ ಎಡಗೈ ಎತ್ತಿ ಬೀಸಿದಳು. ಎರಡು ನಿಮಿಷದ ಮೌನದ ಹೊತ್ತಿನಲ್ಲಿ ಕೈ ಬೀಸುವುದೇ? ನಾನು ಸ್ಕಾರ್ಫು ಸರಿಮಾಡಿಕೊಳ್ಳುತ್ತಿದ್ದೆ.


೨೧ ನವೆಂಬರ್, ಗುರುವಾರ

ಗ್ರಂಥಾಲಯದಲ್ಲಿ ಒಬ್ಬ ವಿದ್ಯಾರ್ಥಿ, "ನಿಮ್ಮ ಧ್ವನಿ ಕೂತಿದೆ ಮೇಡಂ, ನೆಗಡಿಯಾ?" ಎಂದ. ಅವನಿಗೆ ಹೇಳಿದ್ದೇ ಬೆಳಗಿನಿಂದ ನನ್ನ ಮೊದಲ ಮಾತಾಗಿತ್ತು.


೫ ಡಿಸೆಂಬರ್, ಗುರುವಾರ

ಕ್ಲೈವ್‌ನ ಅಂಗಡಿಗೆ ಬ್ರೆಡ್ಡಿಗೆ ಹೋಗಿದ್ದೆ. ನಾನು ಹೋದರೆ ಅವನು ಸಾಮಾನನ್ನು ಮೇಜಿನ ಮೇಲಿಟ್ಟು ಬೆನ್ನು ತಿರುಗಿಸುತ್ತಾನೆ. ನಾನು ತೆಗೆದುಕೊಂಡು ಬರುತ್ತೇನೆ. ಈಗ ಇಬ್ಬರಿಗೂ ರೂಢಿಯಾಗಿದೆ.

ಇವತ್ತು ಬಾಗಿಲು ತೆರೆದು ಟ್ಯಾಮ್ಸಿನ್ ಬಂದಳು. ಒಳಗೆ ಇನ್ನೂ ನಾಲ್ಕು ಜನರಿದ್ದರು.

"ಫ್ರ್ಯಾನ್, ಎಲ್ಲಿ ಮಾಯವಾಗಿದೀರಿ? ಎರಡು ಸಲ ಬಾಗಿಲು ಬಡಿದೆ. ಹುಷಾರಿಲ್ವಾ?"

ಎಲ್ಲರೂ ಕಪಾಟು ನೋಡುತ್ತಿದ್ದರು. ಬೀನ್ಸ್ ಡಬ್ಬಿಯ ಮೇಲೆ ಓದಲು ಅಷ್ಟೇನೂ ಇರುವುದಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಉತ್ತರಿಸುತ್ತ ನಿಂತರೆ ತಪ್ಪಿಹೋಗುತ್ತಿತ್ತು. ನಾನು ಬ್ರೆಡ್ಡಿಗೆ ಕೈ ಚಾಚಿದೆ.

ಕ್ಲೈವ್ ಅದನ್ನು ಮೇಜಿನ ಮೇಲಿಡಲಿಲ್ಲ. ಕೈಗೇ ಕೊಟ್ಟ. "ಹೂಂ" ಎಂದ.

ಮಾತಲ್ಲ, ನಿಜ. ಆದರೂ ಬಸ್ ನಿಲ್ದಾಣದವರೆಗೂ ಬ್ರೆಡ್ಡನ್ನು ಎದೆಗೆ ಅವಚಿಕೊಂಡು ಹೋದೆ. ಬಸ್ಸು ಇವತ್ತು ತಡವಾಗಿ ಬಂತು.


೨೪ ಡಿಸೆಂಬರ್, ಮಂಗಳವಾರ

ನಾಲ್ಕಕ್ಕೇ ಕತ್ತಲಾಯಿತು. ಕ್ರಿಸ್‌ಮಸ್ ಹಾಡು ಹಾಡುವವರು ಮನೆ ಮನೆಗೆ ಬರುತ್ತಿದ್ದರು. ನಮ್ಮ ಬೀದಿಯ ಅಂಚಿನವರೆಗೆ ಬಂದರು, ಪ್ರಿವೆಟ್ ಮನೆಯೆದುರು ಮೂರು ಹಾಡು ಹಾಡಿದರು, ನನ್ನ ಮನೆ ದಾಟಿ ಹೋದರು. ಹಾಡು ಹೇಗೂ ಗೋಡೆಯೊಳಗಿಂದ ಬರುತ್ತದೆ. ಅರ್ಧ ಹಾಡು ನನಗೂ ಸಂದಿತು.

ಅವರು ಹೋದ ಮೇಲೆ ಯಾರೋ ಬಾಗಿಲು ಬಡಿದರು. ಪರದೆಯ ಸಂದಿಯಿಂದ ನೋಡಿದೆ. ಹೂವಿನವಳು. ತಲೆ ನೋಯುತ್ತಿತ್ತು, ದೀಪ ಆರಿಸಿದ್ದೆ. "ಫ್ರ್ಯಾನ್, ನಾನೇ" ಎಂದಳು. ಆಮೇಲೆ ಇನ್ನೊಮ್ಮೆ, ಸಣ್ಣಗೆ. ಪಕ್ಕದ ಮನೆಯ ಪರದೆ ಅಲ್ಲಾಡಿತು. ಎನಿಡ್ ನೋಡುತ್ತಿದ್ದಾಳೆ ಎಂದುಕೊಂಡೆ. ನಾನು ಬಾಗಿಲು ತೆರೆಯದೆ ಇದ್ದುದನ್ನು ಅವಳು ಖಂಡಿತ ನೋಡಿರುತ್ತಾಳೆ.

ಆಮೇಲೆ ನೋಡಿದರೆ ಮೆಟ್ಟಿಲಿನಲ್ಲಿ ಹಾಲಿ ಗಿಡದ ಮುಳ್ಳೆಲೆಯ ಹಾರವೊಂದಿತ್ತು. ಒಂದೇ ಕೈಯಲ್ಲಿ ಕಟ್ಟಿದ್ದು, ತಂತಿ ಅಲ್ಲಲ್ಲಿ ಸಡಿಲ. ಚೆಲುವಾಗಿತ್ತು. ಕ್ರಿಸ್‌ಮಸ್‌ಗೆ ಹೊರಬಾಗಿಲಿಗೆ ಹಾಕಬೇಕಾದ್ದು. ಅಡುಗೆಮನೆಯ ಹಿಂಬಾಗಿಲಿನ ಒಳಬದಿಗೆ ನೇತುಹಾಕಿದೆ.


೧೨ ಜನವರಿ, ಭಾನುವಾರ

ಆಲ್ವಿನ್‌ಗೆ ಹುಷಾರಿಲ್ಲ. ಯಾರೂ ನನಗೆ ಹೇಳಿದ್ದಲ್ಲ, ಗೋಡೆ ಹೇಳಿದ್ದು. ಕೆಮ್ಮು, ಆಮೇಲೆ ಮಂಚದ ಕಿರುಗುಟ್ಟು, ಆಮೇಲೆ ಎನಿಡ್‌ಳ ಚಪ್ಪಲಿ. ಅವಳು ಅವರಿಗೆ ಏನನ್ನೋ ಓದಿ ಹೇಳುತ್ತಾಳೆ. ಅಕ್ಷರ ತಿಳಿಯುವುದಿಲ್ಲ, ಏರಿಳಿತ ಮಾತ್ರ. ನಾನು ಆ ಹೊತ್ತಿಗೆ ನನ್ನ ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಕೊಂಡು ಕೂರುತ್ತೇನೆ. ಮೊದಲೆಲ್ಲ ಸಂಜೆ ಕವಿತೆ ಓದುತ್ತಿದ್ದೆ, ಗಟ್ಟಿಯಾಗಿ, ನನಗೆ ನಾನೇ. ಈಗ ಓದುವುದಿಲ್ಲ. ಅವಳಿಗೆ ತೊಂದರೆಯಾದೀತು.

ಒಮ್ಮೆ ಆಲ್ವಿನ್ ದನಿ ಸ್ಪಷ್ಟವಾಗಿ ಕೇಳಿತು. "ಮೂರನೇದು ಎಲ್ಲಿ?" ಎಂದರು. ಭಾನುವಾರದ ಗಂಟೆ ನಡೆಯುತ್ತಿತ್ತು. ಎನಿಡ್ ಬಾರಿಸಲು ಹೋಗಿದ್ದಳು, ಕೇಳಿದವಳು ನಾನೊಬ್ಬಳೇ.

ಎಪ್ಪತ್ತಾರು ವರ್ಷದ ಮನುಷ್ಯ. ಒಂದು ಸಂಜೆ ಒಂದು ಹಲಗೆ ಮರೆತದ್ದಕ್ಕೆ ಕೈಯಿಂದ ಹಗ್ಗ ಕಿತ್ತುಕೊಂಡರೆ ಎದೆ ಒಡೆಯದೆ ಇರುತ್ತದೆಯೇ? ಅಲ್ಲ, ಚರ್ಚಿನಲ್ಲಿ ತೂಗುವ ಹಗ್ಗವನ್ನು ಎಳೆಯಬಾರದು ಎಂದು ಯಾರಿಗಾದರೂ ಹೊಳೆಯುತ್ತದೆ. ಕೇಳಬಹುದಿತ್ತು. ಅಷ್ಟು ಅವಸರವೇನಿತ್ತು ಹೂವಿಗೆ?


೨೦ ಜನವರಿ, ಸೋಮವಾರ

ಹೂವಿನವಳ ಮನೆಯೆದುರು ಮಾರಾಟದ ಫಲಕ ನೆಟ್ಟಿದ್ದಾರೆ. ಕನ್ನಡಿ, ಕುರ್ಚಿಗಳನ್ನೆಲ್ಲ ವ್ಯಾನಿಗೆ ಹಾಕುತ್ತಿದ್ದರು. ನಾನು ಬಸ್ಸಿನಲ್ಲಿದ್ದೆ. ನನ್ನನ್ನು ನೋಡಿ ನಿಂತಳು. ಈ ಸಲ ಕೈ ಎತ್ತಲಿಲ್ಲ. ಕಲಿತಳು.

ಅವಳಿಗೂ ಒಳ್ಳೆಯದೇ. ಹಳ್ಳಿ ಎಲ್ಲರಿಗೂ ಒಗ್ಗುವುದಿಲ್ಲ.


೩೦ ಜನವರಿ, ಗುರುವಾರ

ಗೋಡೆ ಸುಮ್ಮನಾಗಿದೆ.

ಬೆಳಿಗ್ಗೆ ವೈದ್ಯರ ಕಾರು, ಮಧ್ಯಾಹ್ನ ಶವ ಒಯ್ಯುವ ಕಪ್ಪು ವ್ಯಾನು. ಊರವರೆಲ್ಲ ಒಬ್ಬರ ಹಿಂದೊಬ್ಬರು ಎನಿಡ್ ಮನೆಗೆ ಬಂದರು, ಕೈಯಲ್ಲಿ ಮುಚ್ಚಿದ ಪಾತ್ರೆಗಳು. ನಾನು ಸಾರು ಮಾಡಿ ಮೆಟ್ಟಿಲಿನಲ್ಲಿಟ್ಟು ಬಂದೆ. ಸಂಜೆ ನೋಡಿದರೆ ಪಾತ್ರೆ ತೊಳೆದು ನನ್ನ ಮೆಟ್ಟಿಲಿನಲ್ಲಿಟ್ಟಿತ್ತು. ತಿಂದರೋ ಚೆಲ್ಲಿದರೋ ಗೊತ್ತಿಲ್ಲ. ತೊಳೆದಿದ್ದಳು, ಒರೆಸಿಯೂ ಇದ್ದಳು. ಎನಿಡ್ ಒರೆಸುವ ರೀತಿ ನನಗೆ ಗೊತ್ತು.


೩ ಫೆಬ್ರವರಿ, ಸೋಮವಾರ

ನಾಳೆ ಅಂತ್ಯಕ್ರಿಯೆ. ಪಕ್ಕದೂರುಗಳ ಬಾರಿಸುವವರು ಬಂದು ಆರೂ ಗಂಟೆ ಬಾರಿಸುತ್ತಾರೆಂದು ಬಸ್ಸಿನಲ್ಲಿ ಇಬ್ಬರು ಮಾತಾಡಿಕೊಳ್ಳುವುದು ಕಿವಿಗೆ ಬಿತ್ತು. ಹಿಂದಿನ ಸೀಟಿನಲ್ಲಿ ಕೂತರೆ ಬೇಕಾದಷ್ಟು ತಿಳಿಯುತ್ತದೆ.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಎರಡು ಸಲ, ತಡೆದು ಇನ್ನೊಂದು ಸಲ. ಅದು ಎನಿಡ್‌ಳ ಬಡಿತ. ಕೈ ಒರೆಸಿಕೊಳ್ಳದೆ ಓಡಿದೆ.

ಕಪ್ಪು ಕೋಟಿನಲ್ಲಿ ನಿಂತಿದ್ದಳು, ಕುಗ್ಗಿದ್ದಳು. ನನ್ನ ಮುಖವನ್ನೇ ನೋಡಿದಳು. ಸೆಪ್ಟೆಂಬರಿನಿಂದ ಇವತ್ತಿನವರೆಗೆ ನಾನು ಈ ಬಾಗಿಲಿನಲ್ಲಿ ಎಷ್ಟೆಷ್ಟು ಮಾತು ಮನಸ್ಸಿನಲ್ಲೇ ಆಡಿದ್ದೆ.

"ಒಳಗೆ ಬನ್ನಿ" ಎಂದೆ. ಅವಳನ್ನು ಎಂದೂ ಹಾಗೆ ಕರೆದವಳಲ್ಲ.

ಬರಲಿಲ್ಲ. "ಪಕ್ಕದೂರಿನೋರು ಬೇಡ ಅಂತ ಆಲ್ವಿನ್ ಮೊದಲೇ ಹೇಳಿಟ್ಟಿದ್ರು" ಎಂದಳು. "ನಮ್ಮೋರೇ ಬಾರಿಸ್ಬೇಕು, ಆರೂ ಬಾರಿಸ್ಬೇಕು ಅಂತ. ನಾವು ಐದೇ ಜನ ಇರೋದು."

ಆರನೆಯವಳು ನಾನು ಎಂದು ಅರ್ಥವಾಯಿತು. ಸಂತೋಷವಾಯಿತು ಎಂದು ಬರೆಯಲು ಈಗಲೂ ನಾಚಿಕೆಯಾಗುವುದಿಲ್ಲ. ಅವಳು ಹೊರಟುಬಿಡುವ ಮೊದಲು ಹೇಳಿಬಿಡಬೇಕಿತ್ತು.

"ಎನಿಡ್, ನಾನು ಯೋಚಿಸ್ತಾ ಇದ್ದೆ. ಅವತ್ತು ಗಂಟೆ ಕೆಳಗೇ ಇತ್ತೋ ಏನೋ. ನನಗೀಗ ಅಷ್ಟು ಸರಿಯಾಗಿ ನೆನಪಿಲ್ಲ. ಅವಳು ಎಳೀಬಾರದಿತ್ತು. ಬೇಕಾದ್ರೆ ಬಿಷಪ್ಪರ ಕಚೇರಿಗೆ ಹೋಗಿ ಹಾಗೇ ಹೇಳ್ತೀನಿ."

ಎನಿಡ್ ಜೇಬಿನಿಂದ ಕೈಗವಸು ತೆಗೆದಳು. ನನ್ನ ಹೆಗಲಾಚೆ, ಅಡುಗೆಮನೆಯ ಹಿಂಬಾಗಿಲಿನ ಒಳಬದಿಯಲ್ಲಿ ಒಣಗಿ ನೇತಾಡುತ್ತಿದ್ದ ಹಾರವನ್ನು ನೋಡುತ್ತಿದ್ದಳೇನೋ. ಆಮೇಲೆ ಕೈಗವಸು ಹಾಕಿಕೊಳ್ಳುತ್ತ ಹೇಳಿದಳು:

"ಗಂಟೆ ಮೇಲೇ ಇತ್ತು ಕಣೇ, ನಮಗೆಲ್ಲ ಗೊತ್ತು. ನೀನು ಸುಳ್ಳು ಹೇಳಿದ್ದಿದ್ರೆ ಮನೆಗೆ ಬಂದು ಜಗಳ ಆಡಿ, ಚಹಾ ಕುಡಿದು ಹೋಗ್ತಿದ್ವಿ. ನೀನು ಹೇಳಿದ್ದು ನಿಜ. ಮೂರನೇದಕ್ಕೆ ಚರ್ಮ ಕಟ್ಟಿದೆ, ಹತ್ತಕ್ಕೆ ಬಾ. ಹೆದರ್ಕೋಬೇಡ, ಅಲ್ಲಿ ಯಾರೂ ನಿನ್ನ ಜೊತೆ ಮಾತಾಡಲ್ಲ."